ಕಡ್ಡಿರಾಂಪುರದ ಪಾಲಪ್ಪ ಯೂತ್ ಆದದ್ದು

ಕಡ್ಡಿರಾಂಪುರದಲ್ಲಿ ಯುವಕರಿಗೇನೂ ಬರವಿಲ್ಲ. ಆದರೆ ಯುವ ಮುಖಂಡ ಅಂದರೆ ಒಬ್ಬನೇ, ಅವನು ಪಾಲಪ್ಪ. ಅವನ ವಯಸ್ಸು ಎಷ್ಟು ಅಂತ ಅವನನ್ನೇ ಕೇಳಿದರೆ "ನಡದೈತ್ರಿ" ಅನ್ನುತ್ತಿದ್ದ. ಹೆಂಡತಿ ಗಾಳೆಮ್ಮನನ್ನು ಕೇಳಿದರೆ "ನಡಿಯೋದು ಮುಗದು ಕುಂಟಾಕತ್ತೈತಿ" ಅನ್ನುತ್ತಿದ್ದಳು.

ತಾಯಿ ಹುಲಿಗೆಮ್ಮ ಯುವಕ ಸಂಘ ಹುಟ್ಟಿದಾಗ ಅದರ ಅಧ್ಯಕ್ಷನಾದವನು ಪಾಲಪ್ಪ. ಸಂಘದಲ್ಲಿ ಆಗ ಅವನ ಜೊತೆಗಿದ್ದವರೆಲ್ಲ ಈಗ ಮಾವಂದಿರಾಗಿ, ಅಜ್ಜಂದಿರಾಗಿ, ಒಬ್ಬಿಬ್ಬರು ಫೋಟೊಗಳೂ ಆಗಿದ್ದರು. ಪಾಲಪ್ಪ ಮಾತ್ರ ಯುವಕನಾಗಿಯೇ ಉಳಿದಿದ್ದ. ಗಣೇಶನ ಹಬ್ಬವಿರಲಿ, ರಾಜ್ಯೋತ್ಸವವಿರಲಿ, ರಸ್ತೆಯ ಪಕ್ಕದ ಫ್ಲೆಕ್ಸಿನಲ್ಲಿ "ಯುವ ಮುಖಂಡ ಪಾಲಪ್ಪ" ಎಂದು ಕೈಮುಗಿದು ನಿಂತಿರುತ್ತಿದ್ದ. ಫೋಟೊ ಮದುವೆ ಕಾಲದ್ದು. ಅದನ್ನು ನೋಡಿ ಅಂಗಡಿಗೆ ಬಂದವರು ಅವನನ್ನೇ "ಅಪ್ಪಾರ, ಮಗ ಇಲ್ಲೇನ್ರಿ?" ಎಂದು ಕೇಳಿದ್ದೂ ಉಂಟು.

ಅಂಗಡಿಯೆಂದರೆ ಶಾಮಿಯಾನ, ಮೈಕು, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಪ್ರತಿ ಕುರ್ಚಿಯ ಬೆನ್ನಿಗೂ ಕೆಂಪು ಬಣ್ಣದಲ್ಲಿ "ಯುವ ಮುಖಂಡ ಪಾಲಪ್ಪ" ಅಂತ ಬರೆಸಿ, ಕೆಳಗೆ ಮೊಬೈಲ್ ನಂಬರು ಹಾಕಿಸಿದ್ದ. ಜನ ಅವನ ಹೆಸರಿಗೆ ಬೆನ್ನು ಕೊಟ್ಟು ಕೂರುತ್ತಾರೆಂಬುದು ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಆ ನಂಬರಿಗೆ ಫೋನು ಬಂತು. ಮಾಡಿದವಳು ಹೊಸಪೇಟೆಯ ಹೇಮಾವತಿ ಎಂಬ ಟೀಚರು. ಸ್ಟೇಷನ್ ಕಡೆಯ ಚರ್ಚೊಂದರಲ್ಲಿ ಶನಿವಾರ ಸಂಜೆ ಶಾಲೆಯ ಮಕ್ಕಳನ್ನೆಲ್ಲ ಕೂಡಿಸಿ ಹಾಡು, ಆಟ, ಪ್ರಶ್ನೆ-ಉತ್ತರ ಅಂತ ನಡೆಸುವವಳು. ಆ ಕೂಟಕ್ಕೆ ಅವರಿಟ್ಟ ಹೆಸರು ಯೂತ್ ಗ್ರೂಪು. ಮಕ್ಕಳು ನೆಲದ ಮೇಲೆ ಕೂತು ಕೂತು ಸಾಕಾಗಿ ಕುರ್ಚಿ ಕೇಳಿದ್ದರು. ಆಕೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಮ್ಮ ಯೂತ್ ಗ್ರೂಪಿಗೆ ಚೇರ್ ಬೇಕಿತ್ರಿ. ಜೋಡಿಸಾಕ ಒಬ್ಬ ಮ್ಯಾನ್ ಬೇಕ್ರಿ."

ಅದೇ ಹೊತ್ತಿಗೆ ಸಂಡೂರಿನ ಕಡೆಯಿಂದ ಬಂದ ಅದಿರಿನ ಲಾರಿಯೊಂದು ದಾರಿ ತಪ್ಪಿ ಅಂಗಡಿಯ ಮುಂದೆ ನಿಂತು, ಎದುರಿಗೆ ಬಂದ ಬಸ್ಸಿಗೆ ಹಾರ್ನು ಹೊಡೆಯಿತು. ಹಾರ್ನಿನ ಈ ಕಡೆಗೊಂದು, ಆ ಕಡೆಗೊಂದು ಮಾತು ಉಳಿದು, ನಡುವಿನದು ಲಾರಿಯ ಪಾಲಾಯಿತು. ಪಾಲಪ್ಪನ ಕಿವಿಗೆ ಬಿದ್ದದ್ದು: "ನಮ್ಮ ಯೂತ್ ಗ್ರೂಪಿಗೆ ಚೇರ್... ಮ್ಯಾನ್ ಬೇಕ್ರಿ."

ಪಾಲಪ್ಪ ಕೂತಲ್ಲಿಂದ ಎದ್ದು ನಿಂತ.

"ಯಾವಾಗ ಬರಬೇಕ್ರಿ?"

"ಈ ಶನಿವಾರ ಸಂಜಿಕ, ಹೊಸಪೇಟಿ ಸ್ಟೇಷನ್ ಹತ್ರ ಚರ್ಚಿಗೆ ಬರ್ರಿ."

"ಒಪ್ಪಿದೆ" ಎಂದ ಪಾಲಪ್ಪ. ಬಾಡಿಗೆ ಎಷ್ಟಂತ ಹೇಳದೆ ಒಪ್ಪಿದ ಇಂಥ ಅಂಗಡಿಯವನನ್ನು ಹೇಮಾವತಿ ಟೀಚರು ಕಂಡಿರಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹೊಸಪೇಟೆಯ ಯುವಕರು ಪಾಲಪ್ಪನನ್ನು ಹುಡುಕಿ ಚೇರ್ಮನ್ ಮಾಡಿದ್ದಾರೆ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ದುರುಗೇಶ್. ಹಂಪಿಗೆ ಟೂರಿಸ್ಟರನ್ನು ಆಟೊದಲ್ಲಿ ಒಯ್ಯುವ ಈ ಹುಡುಗ ಯುವಕ ಸಂಘದ ಉಪಾಧ್ಯಕ್ಷ. ಅಧ್ಯಕ್ಷನಾಗಬೇಕೆಂದು ಕಾದು ಕಾದು, ಕಾಯುವುದರಲ್ಲೇ ಮುದುಕನಾಗುತ್ತೇನೋ ಎಂಬ ಹೆದರಿಕೆ ಅವನಿಗೆ ಹತ್ತಿತ್ತು.

"ಟೌನಿಗೆ ಹೋದವರು ಹಳ್ಳಿ ಕುರ್ಚಿ ಯಾಕ ಹಿಡ್ಕೊಳ್ಳದು, ಬಿಟ್ಟು ಬಿಡ್ರಿ ಮಾವ" ಎಂದ.

"ಎರಡನ್ನೂ ನಿಭಾಯಿಸ್ತೀನಲೇ" ಎಂದ ಪಾಲಪ್ಪ.

ಶನಿವಾರ ಪಾಲಪ್ಪ ತಲೆಗೆ ಕಪ್ಪು ಬಳಿದುಕೊಂಡ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಣ್ಣಿಗೆ ಕರಿ ಕನ್ನಡಕ. ಟೌನಿನವರು ಗಡಿಬಿಡಿಯಲ್ಲಿ ಮರೆತಾರು ಎಂದು ಕಮಲಾಪುರದಿಂದ ಒಂದು ಸೇವಂತಿಗೆ ಹಾರವನ್ನು ತಾನೇ ತರಿಸಿಕೊಂಡು ಚೀಲದಲ್ಲಿಟ್ಟುಕೊಂಡ. ಗಾಳೆಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಹಣಿ ಮ್ಯಾಲೂ ಬಣ್ಣ ಹತ್ತೈತಿ. ಅಲ್ಲಿ ಕೂದಲಾ ಇಲ್ಲ" ಎಂದಳು.

ದುರುಗೇಶನ ಆಟೊ ಚರ್ಚಿನ ಮುಂದೆ ನಿಂತಿತು. ಹೇಮಾವತಿ ಟೀಚರು ಓಡಿ ಬಂದು ಆಟೊದ ಹಿಂದೆ ನೋಡಿದಳು, ಮೇಲೆ ನೋಡಿದಳು, ರಸ್ತೆಯ ಕಡೆಗೂ ನೋಡಿದಳು.

"ಚೇರ್ ಎಲ್ರಿ?"

"ಚೇರ್ಮನ್ ನಾನ ಅದೀನಲ್ರಿ" ಎಂದ ಪಾಲಪ್ಪ, ಕನ್ನಡಕ ತೆಗೆಯುತ್ತ.

ಆಕೆ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಹಣೆಯ ಬಣ್ಣ ನೋಡಿದಳು. ಚೀಲದಿಂದ ಇಣುಕುತ್ತಿದ್ದ ಸೇವಂತಿಗೆ ಹಾರ ನೋಡಿದಳು. ಮಕ್ಕಳಿಗೆ ಪಾಠ ಹೇಳುವವರಿಗೆ ನಗು ತಡೆಯುವ ವಿದ್ಯೆ ಗೊತ್ತಿರುತ್ತದೆ. "ಬರ್ರಿ, ಒಳಗ ಬರ್ರಿ" ಎಂದಳು.

ಒಳಗೆ ಹಾಲಿನಲ್ಲಿ ಚಾಪೆ ಹಾಸಿ, ಎರಡೂ ಕಡೆ ಹುಡುಗ ಹುಡುಗಿಯರು ಕೂತಿದ್ದರು. ಕೆಲವರ ಹಲ್ಲಿನ್ನೂ ಪೂರಾ ಬಂದಿರಲಿಲ್ಲ. ಕೆಲವರ ಮೀಸೆ ಬರಲೋ ಬೇಡವೋ ಅನ್ನುತ್ತಿತ್ತು. ಪಾಲಪ್ಪ ಸುತ್ತ ನೋಡಿದ.

"ಯೂತ್ ಇನ್ನೂ ಬಂದಿಲ್ಲೇನ್ರಿ?"

"ಇವ್ರ ಯೂತ್ ರೀ."

"ಇವ್ರು ಸಣ್ಣ ಹುಡುಗರಲ್ರಿ!"

"ಯೂತ್ ಅಂದ್ರ ಮತ್ತೇನು ಮುದುಕರೇನ್ರಿ?" ಎಂದಳು ಚಂದ್ರಕಲಾ. ಹತ್ತನೇ ಕ್ಲಾಸಿನ ಹುಡುಗಿ. ಆ ಕೂಟದಲ್ಲಿ ಹೇಮಾವತಿ ಟೀಚರ ಮಾತು ನಡೆಯುತ್ತಿತ್ತು, ಆದರೆ ಚಂದ್ರಕಲಾ ಒಪ್ಪಿದ ಮೇಲೆ.

ಆರನೇ ಕ್ಲಾಸಿನ ಗಾಯತ್ರಿ ಎಂಬ ಪುಟ್ಟ ಹುಡುಗಿ ಎದ್ದು ನಿಂತಳು. ಪ್ರಶ್ನೆ ಕೇಳದೆ ಆ ಹುಡುಗಿಗೆ ಉಂಡದ್ದು ಕರಗುತ್ತಿರಲಿಲ್ಲ. "ಅಂಕಲ್, ನೀವು ಎಷ್ಟನೇ ಕ್ಲಾಸು?"

ವೇದಿಕೆಯ ಮೇಲಾಗಿದ್ದರೆ ಪಾಲಪ್ಪ ಯುವಶಕ್ತಿಯೇ ದೇಶದ ಶಕ್ತಿ ಎಂದು ಶುರು ಮಾಡಿ ಗಂಟೆ ಕಳೆಯುತ್ತಿದ್ದ. ಇಲ್ಲಿ ವೇದಿಕೆಯಿರಲಿಲ್ಲ, ಮೈಕಿರಲಿಲ್ಲ. ಬಾಯಿಗೆ ನಿಜ ಬಂದುಬಿಟ್ಟಿತು.

"ಏಳನೇ ಕ್ಲಾಸು. ಫೇಲು."

"ಹಂಗಾದ್ರ ಮಿಡ್ಲ್ ಸ್ಕೂಲ್ ಸೈಡಿಗೆ ಕುಂದ್ರಿ" ಎಂದಳು ಚಂದ್ರಕಲಾ. "ಏಳು ಪಾಸಾದವ್ರು ಮಾತ್ರ ಈ ಕಡೆ."

ಮಕ್ಕಳು ಸರಿದು ಜಾಗ ಕೊಟ್ಟರು. ಪಾಲಪ್ಪ ಕೂತ. ಹಾರದ ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಎದ್ದು ಹೋಗಬಹುದಿತ್ತು. ಆದರೆ ಹೊರಗೆ ದುರುಗೇಶನಿದ್ದ. ಒಳಗೆ ಹೋದಷ್ಟೇ ಜಲ್ದಿ ಹೊರಗೆ ಬಂದ ಚೇರ್ಮನ್ನನ ಸುದ್ದಿ ಊರಿನಲ್ಲಿ ಏನಾದೀತು ಎಂದು ಅವನಿಗೆ ಗೊತ್ತಿತ್ತು. ಅಲ್ಲದೆ, ಹುಡುಗರು ಅಷ್ಟರಲ್ಲೇ "ಚಂದ್ರನ ಮ್ಯಾಲೆ ದೇವರು ಅದಾನೋ ಇಲ್ಲೋ" ಎಂದು ಜಗಳ ಹತ್ತಿಸಿದ್ದರು. ಪಾಲಪ್ಪನಿಗೂ ಅದು ಗೊತ್ತಿರಲಿಲ್ಲ. ಕೇಳಿಕೊಂಡು ಹೋದರಾಯಿತು ಅಂದುಕೊಂಡ.

ಜಗಳ ಮುಗಿಯುವ ಮುಂಚೆ ಚಂದ್ರಕಲಾ ಚಪ್ಪಾಳೆ ತಟ್ಟಿದಳು. ಮುಂದಿನ ಶನಿವಾರ ತಂದೆ ತಾಯಂದಿರ ಮುಂದೆ ನಾಟಕವಿತ್ತು. ಮುಖ್ಯ ಪಾತ್ರದ ಹುಡುಗನಿಗೆ ಮಂಗನಬಾವು ಬಂದು ಮುಖ ಎರಡಾಗಿತ್ತು.

"ಮುಖ್ಯ ಪಾತ್ರ ಯಾರು ಮಾಡ್ತೀರಿ?"

"ಮುಖ್ಯ" ಎಂಬ ಶಬ್ದ ಕೇಳಿದ ಕೂಡಲೇ ಪಾಲಪ್ಪನ ಕೈ ತನ್ನಿಂದ ತಾನೇ ಮೇಲೆದ್ದಿತು. ಅದು ಹಳೇ ರೋಗ.

"ಏನು ಪಾತ್ರ?" ಎಂದು ಆಮೇಲೆ ಕೇಳಿದ.

"ಕುರಿ."

ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಮುಳ್ಳಿನಲ್ಲಿ ಸಿಕ್ಕಿಬೀಳುತ್ತದೆ, ಕುರುಬ ಹುಡುಕಿಕೊಂಡು ಹೋಗುತ್ತಾನೆ. ಕಥೆ ಅಷ್ಟೇ. ಕುರುಬ ಚಂದ್ರಕಲಾ. ಪಾಲಪ್ಪನ ಮೈಮೇಲೆ ಹತ್ತಿ ಅಂಟಿಸಿದ ಹೊದಿಕೆ ಬಂತು. "ಮಂಡಿ ಊರ್ರಿ. ಬ್ಯಾ ಅನ್ರಿ. ಹಂಗಲ್ಲ, ದುಃಖದಿಂದ" ಎಂದು ಅವಳು ಅವನ ತಲೆಯ ಮೇಲೆ ಕೈಯಿಟ್ಟು ತೋರಿಸಿಕೊಟ್ಟಳು.

ಹೊರಗೆ ಬೇಸರವಾಗಿ ಕಿಟಕಿಯಲ್ಲಿ ಇಣುಕಿದ ದುರುಗೇಶ್ ಕಂಡದ್ದು ಇಷ್ಟೇ: ಪಾಲಪ್ಪ ಮಂಡಿಯೂರಿದ್ದಾನೆ, ಬಿಳಿ ಹೊದ್ದಿದ್ದಾನೆ, ಯಾರೋ ತಲೆಯ ಮೇಲೆ ಕೈಯಿಟ್ಟಿದ್ದಾರೆ, ಅವನು ಅಳುತ್ತಿದ್ದಾನೆ.

ವಾಪಸು ಬರುವಾಗ ದುರುಗೇಶ್ ಕೇಳಿದ, "ಏನಾತು ಮಾವ ಒಳಗ?"

ತಾನು ಕುರಿಯಾದೆ ಎಂದು ಯಾವ ಚೇರ್ಮನ್ ಹೇಳಿಯಾನು? "ಟೌನಿನ ಮೀಟಿಂಗ್ ಲೇ. ಹೊರಗ ಹೇಳಂಗಿಲ್ಲ" ಎಂದ ಪಾಲಪ್ಪ. ಅವನ ಕಿವಿಯಲ್ಲಿ ಒಂದಿಷ್ಟು ಹತ್ತಿ ಉಳಿದಿತ್ತು.

ಮರುದಿನ ಚಹದಂಗಡಿಯಲ್ಲಿ ಆ ಸುದ್ದಿ ಬೋಂಡದ ಜೊತೆ ಎಣ್ಣೆಗೆ ಬಿದ್ದು ಉಬ್ಬಿತು. ಪಾಲಪ್ಪನ ಧರ್ಮ ಬದಲಿ ಮಾಡಿದ್ದಾರೆ. ಹೊದಿಕೆ ಹೊದಿಸಿದ್ದಾರೆ. ಕಿವಿಯಲ್ಲಿ ಮಂತ್ರ ಹೇಳಿ, ಹೊರಗೆ ಬಾರದ ಹಾಗೆ ಹತ್ತಿ ತುರುಕಿದ್ದಾರೆ.

"ಹೆಸರೂ ಬದಲ್ಮಾಡ್ತಾರಂತ" ಎಂದನೊಬ್ಬ.

ದುರುಗೇಶ್ ಗ್ಲಾಸು ಕೆಳಗಿಟ್ಟ. ಅವನಿಗೆ ದೊಡ್ಡದೊಂದು ಹೊಳೆದಿತ್ತು. "ಬದಲ್ಮಾಡೋದೇನೈತಿ? ಪಾಲಪ್ಪದಾಗ ಅಪ್ಪ ತಗದ್ರ ಪಾಲ್! ಆತನ ಹೆಸರು ಹುಟ್ಟಿದಾಗಿಂದ ಅರ್ಧ ಆ ಕಡೇನ ಐತಿ!"

ಇಡೀ ಚಹದಂಗಡಿ ಒಪ್ಪಿಕೊಂಡಿತು. ಇಂಥ ಪುರಾವೆಯ ಮುಂದೆ ಯಾರು ಏನು ಹೇಳಲಿಕ್ಕಾಗುತ್ತದೆ?

ಪಾಲಪ್ಪನೋ, ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಅಂಗಡಿಯ ಹಿಂದೆ, ಪಾತ್ರೆಗಳ ಮರೆಯಲ್ಲಿ ಕೂತು ದುಃಖದ ಬ್ಯಾ ಕಲಿಯತೊಡಗಿದ. ದೊಡ್ಡ ಹಂಡೆಯೊಳಗೆ ತಲೆ ಹಾಕಿ ಕೂಗಿದರೆ ದುಃಖ ಚೆನ್ನಾಗಿ ಬರುತ್ತದೆಂದು ಕಂಡುಕೊಂಡ. ಗಾಳೆಮ್ಮ, ಯಾರದೋ ಕುರಿ ಹಂಡೆಯಲ್ಲಿ ಬಿದ್ದಿದೆಯೆಂದು ಹಿಡಿ ಹುಲ್ಲು ಹಿಡಿದು ಓಡಿ ಬಂದಳು. ಹಂಡೆಯಿಂದ ಗಂಡನ ತಲೆ ಹೊರಗೆ ಬಂತು.

"ಏನ್ ಮಾಡಾಕತ್ತೀರಿ?"

"ಹಂಡೆ ತೂತು ನೋಡಾಕತ್ತೀನಿ."

"ಬಾಯಿಲೆ ನೋಡ್ತಾರೇನು?"

ಗಾಳೆಮ್ಮ ಹೆದರುವ ಹೆಂಗಸಲ್ಲ. ಆದರೆ ಅವತ್ತು ಹುಲ್ಲನ್ನು ಅಲ್ಲೇ ಚೆಲ್ಲಿ, ಒಳಗೆ ಹೋಗಿ ಕಂಪ್ಲಿಯ ಅಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಜಲ್ದಿ ಬಾ. ನಿಮ್ಮ ಭಾವಗ ಏನೋ ಆಗೇತಿ."

ಅಣ್ಣ ಗವಿಸಿದ್ದಪ್ಪ ಸಿಕ್ಕ ಬಸ್ಸು ಹತ್ತಿ ಬಂದ. ಕಂಪ್ಲಿಯಲ್ಲಿ ಅವನಿಗೆ ಭತ್ತದ ಗದ್ದೆ, ನಾಲ್ಕು ಕುರಿ, ಮತ್ತು ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು. ಭಾವನ ನಾಲಿಗೆ ನೋಡಿದ, ಕಣ್ಣಿನ ರೆಪ್ಪೆ ಎತ್ತಿ ನೋಡಿದ.

"ಮದ್ದು ಹಾಕ್ಯಾರ" ಎಂದು ತೀರ್ಪು ಕೊಟ್ಟ. "ಕಕ್ಕಿಸಬೇಕು."

ಬೇವಿನ ಕಷಾಯಕ್ಕೆ ಉಪ್ಪು ಹಾಕಿ ಕುಡಿಸಿದರು. ಪಾಲಪ್ಪ ಅಂಗಳದಲ್ಲಿ ಕೂತು ಕಕ್ಕಿದ. ಬೆಳಿಗ್ಗೆಯ ಒಗ್ಗರಣೆ ಮಂಡಕ್ಕಿ ಬಂತು, ಮದ್ದು ಬರಲಿಲ್ಲ. "ಒಳಗ ಗಟ್ಟಿ ಕುಂತೈತಿ" ಎಂದ ಗವಿಸಿದ್ದಪ್ಪ. ನೆರೆಯವರು ಗೋಡೆಯ ಮೇಲಿನಿಂದ ಹೌದೆಂದು ತಲೆಯಾಡಿಸಿದರು. ಇಷ್ಟಾದರೂ ಪಾಲಪ್ಪ ಕುರಿಯ ಸುದ್ದಿ ಬಾಯಿಬಿಡಲಿಲ್ಲ. ಮದ್ದು ತಿಂದವನೆಂದರೂ ಮರ್ಯಾದೆಯಿದೆ. ಕುರಿಯೆಂದರೆ ಮುಂದಿನ ಗಣೇಶನ ಹಬ್ಬಕ್ಕೆ ಫ್ಲೆಕ್ಸಿನಲ್ಲಿ ಯಾವ ಮುಖ ಹಾಕಿಸುವುದು?

ಶನಿವಾರ ಮಧ್ಯಾಹ್ನ ಎಲ್ಲರೂ ಕಣ್ಣು ಮುಚ್ಚುವುದನ್ನೇ ಕಾದು, ಪಾಲಪ್ಪ ಹಿತ್ತಲ ಬಾಗಿಲಿನಿಂದ ಪಾರಾದ.

ಅವನಿಲ್ಲವೆಂದು ಗೊತ್ತಾದ ಕೂಡಲೇ ಊರು ಎದ್ದಿತು. "ಇವತ್ತ ಪೂರಾ ಪಾಲ್ ಆಗಿ ಬರ್ತಾನ ನೋಡ್ರಿ" ಎಂದು ದುರುಗೇಶ್ ಆಟೊ ಚಾಲೂ ಮಾಡಿದ. ಗಾಳೆಮ್ಮ, ಗವಿಸಿದ್ದಪ್ಪ, ಹಿಂದೆ ಒಂದು ಟಂಟಂ ಗಾಡಿ ತುಂಬ ಜನ. ಯಾಕೆ ಹೋಗುತ್ತಿದ್ದೇವೆಂದು ಅರ್ಧ ಮಂದಿಗೆ ಗೊತ್ತಿತ್ತು, ಉಳಿದರ್ಧ ಮಂದಿ ಅದನ್ನು ತಿಳಿಯಲಿಕ್ಕೆಂದೇ ಹತ್ತಿದ್ದರು.

ಅವರು ಚರ್ಚಿನ ಹಾಲಿನ ಬಾಗಿಲಿಗೆ ಬಂದಾಗ ನಾಟಕ ನಡೆದಿತ್ತು. ಗವಿಸಿದ್ದಪ್ಪ ತೋಳು ಏರಿಸಿ "ಎಲ್ಲದಾನ ನಮ್ಮ ಭಾವ?" ಎಂದು ಗರ್ಜಿಸಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮುಂದೆ ಕೂತಿದ್ದ ಹೆಂಗಸೊಬ್ಬಳು ತಿರುಗಿ, "ಶ್... ಕುರಿ ಕಳದೈತಿ, ಕುಂದ್ರಿ" ಎಂದಳು. ಎಂಥ ಸಿಟ್ಟಿನಲ್ಲಿದ್ದರೂ ಕುರಿ ಕಳೆದಿದೆಯೆಂದರೆ ನಮ್ಮ ಕಡೆಯ ಮನುಷ್ಯ ಒಂದು ಗಳಿಗೆ ನಿಲ್ಲುತ್ತಾನೆ. ಗವಿಸಿದ್ದಪ್ಪ ಕೂತ. ಹಿಂದೆ ಬಂದವರೂ ಕೂತರು.

ಮುಂದೆ, ಕಂಬಳಿ ಹೊದ್ದು ಕೋಲು ಹಿಡಿದ ಚಂದ್ರಕಲಾ ಹಿಂಡನ್ನು ನೋಡಿ ನಿಂತಿದ್ದಳು. ಹಿಂಡೆಂದರೆ ಮಿಡ್ಲ್ ಸ್ಕೂಲ್ ಸೈಡು. ಮೂಲೆಯಲ್ಲಿ ಜಾಲಿಮುಳ್ಳಿನ ಹಾಗೆ ಜೋಡಿಸಿದ ಬೆಂಚುಗಳ ಕೆಳಗೆ ಹತ್ತಿಯ ಹೊದಿಕೆಯೊಂದು ಮಿಸುಕುತ್ತಿತ್ತು.

"ಕುರಿಗಳೇ, ನೀವು ಇಲ್ಲೇ ಇರಿ. ತಪ್ಪಿಸಿಕೊಂಡ ಒಂದನ್ನು ನಾನು ಹುಡುಕಿ ತರುತ್ತೇನೆ" ಎಂದಳು ಚಂದ್ರಕಲಾ.

ಗವಿಸಿದ್ದಪ್ಪನಿಗೆ ತಡೆಯಲಾಗಲಿಲ್ಲ. "ಏ ತಂಗಿ, ಅಷ್ಟೂ ಬಿಟ್ಟು ಒಂದ್ರ ಹಿಂದ ಹೋಗ್ತೀಯಲ್ಲ, ತ್ವಾಳ ಬಂದ್ರ?"

ಚಂದ್ರಕಲಾ ಕೋಲು ಕೆಳಗಿಟ್ಟಳು. ಸಿಟ್ಟಾದಳೆಂದು ಎಲ್ಲರೂ ಅಂದುಕೊಂಡರು.

"ನಾನೂ ಅದನ್ನ ಕೇಳಿದ್ದೆ ರೀ!" ಎಂದಳು. "ಯಾರೂ ಸರಿಯಾಗಿ ಹೇಳವಲ್ರು."

ಬದಿಯಲ್ಲಿ ನಿಂತಿದ್ದ ಪಾಸ್ಟರು ಮುಂದೆ ಬಂದರು. ಬಾಗಿಲಲ್ಲಿ ಇಷ್ಟು ಮಂದಿ ಕಂಡಾಗ ಜಗಳಕ್ಕೆ ಬಂದರೆಂದು ಅವರು ಹೆದರಿದ್ದರು. ಈಗ ಅವರಿಗೂ ಜೀವ ಬಂತು. "ಯಜಮಾನ್ರ ಪ್ರಶ್ನೆ ಚಲೋ ಐತಿ. ಯಾರು ಉತ್ತರ ಹೇಳ್ತೀರಿ?"

"ನಾಯಿ ಕಾವಲಿಟ್ಟು ಹೋಗ್ಬೇಕು" ಎಂದ ಟಂಟಮ್ಮಿನಿಂದಿಳಿದವನೊಬ್ಬ.

"ನಾಯೀನ ತಿಂದ್ರ?" ಎಂದಿತು ಹೈಸ್ಕೂಲ್ ಸೈಡು.

"ಒಂದು ಹೋದ್ರ ಹೋತು ಅನ್ಬೇಕು. ಲಾಭ ನಷ್ಟ ಇದ್ದದ್ದ" ಎಂದ ದುರುಗೇಶ್.

"ಹೋದದ್ದು ನೀನಾಗಿದ್ರ ಹಿಂಗ ಅಂತಿದ್ದೇನಲೇ?" ಎಂದಳು ಗಾಳೆಮ್ಮ. ಗಂಡನನ್ನು ಹುಡುಕಲು ಬಂದದ್ದು ಅವಳಿಗೆ ಅರ್ಧ ಮರೆತೇ ಹೋಗಿತ್ತು. "ಒಂದಾದ್ರೂ ಕಳದದ್ದು ಕಳದದ್ದಾ. ಉಳದವನ್ನ ಯಾರಿಗರ ಒಪ್ಪಿಸಿ ಹೋಗ್ಬೇಕಪಾ."

"ಯಾರಿಗೆ ಒಪ್ಪಿಸೋದು? ಅಡವ್ಯಾಗ ಯಾರಿರ್ತಾರ?"

"ಆ ಕುರಬ ಒಬ್ಬನ ಯಾಕ ಹೋದ? ಮನ್ಯಾಗ ಹೆಂಡ್ತಿ ಇರ್ಲಿಲ್ಲೇನು?"

ಕಡ್ಡಿರಾಂಪುರ ಒಂದು ಕಡೆ, ಹೊಸಪೇಟೆ ಒಂದು ಕಡೆ ಅಂತ ಶುರುವಾದ ವಾದ ಬರಬರುತ್ತ ಕಲಸಿಹೋಗಿ, ಗವಿಸಿದ್ದಪ್ಪನ ಪಕ್ಷದಲ್ಲಿ ಹೈಸ್ಕೂಲ್ ಹುಡುಗರೂ, ಗಾಳೆಮ್ಮನ ಪಕ್ಷದಲ್ಲಿ ಪಾಸ್ಟರೂ ಸೇರಿಕೊಂಡರು. ಕೊನೆಗೆ ಬೆಂಚಿನ ಕೆಳಗಿನಿಂದ ಒಂದು ದನಿ ಬಂತು. ಈ ಸಲ ಅದು ನಿಜವಾಗಿಯೂ ದುಃಖದ್ದು.

"ಲೇ, ಮೊದ್ಲ ನನ್ನ ಹುಡುಕ್ರಲೇ! ಮೊಣಕಾಲು ಸತ್ತು ಹೋದ್ವು!"

"ಅಯ್ಯ ನಮ್ಮವ್ವ! ನಮ್ಮ ಯಜಮಾನ್ರ ದನಿ!" ಎಂದು ಗಾಳೆಮ್ಮ ಎದ್ದಳು.

ಬೆಂಚು ಸರಿಸಿದರು. ಕುರಿ ಹೊರಗೆ ಬಂತು. ಬೆವರಿಗೆ ತಲೆಯ ಕಪ್ಪೆಲ್ಲ ಇಳಿದು ಬಿಳಿ ಹತ್ತಿಯ ಮೇಲೆ ಹರಿದು, ಪಾಲಪ್ಪ ನಿಜವಾದ ಕುರಿಯ ಹಾಗೆ ಕರಿಬಿಳಿ ಆಗಿದ್ದ. ಕಡ್ಡಿರಾಂಪುರದ ಮಂದಿ ಅವನನ್ನು ನೋಡಿತು. ಅವನು ಮಂದಿಯನ್ನು ನೋಡಿದ.

"ನೀನು... ಇದಕ್ಕ ಬರ್ತಿದ್ದೇನು?" ಎಂದ ಗವಿಸಿದ್ದಪ್ಪ.

"ಮುಖ್ಯ ಪಾತ್ರ" ಎಂದ ಪಾಲಪ್ಪ, ಸಣ್ಣಗೆ.

"ಮದ್ದು?"

"ಯಾವ ಮದ್ದೂ ಇಲ್ಲ. ನನ್ನ ಮಂಡಕ್ಕಿ ಸುಮ್ನ ಹೋತು."

"ಧರ್ಮ ಬದ್ಲಿಸಂಗಿಲ್ಲೇನು ಮತ್ತ?" ಎಂದು ದುರುಗೇಶ್ ತುಸು ನಿರಾಸೆಯಿಂದಲೇ ಕೇಳಿದ.

"ನಾವು ಅವರತ್ರ ಕೇಳಿದ್ದು ಕುರ್ಚಿ ಅಷ್ಟೇರಿ" ಎಂದಳು ಹೇಮಾವತಿ ಟೀಚರು. "ಅದನ್ನೂ ಇನ್ನೂ ತಂದಿಲ್ಲ."

ಆಗ ಗಾಯತ್ರಿ ಎದ್ದು ಗವಿಸಿದ್ದಪ್ಪನ ಮುಂದೆ ಬಂದು ನಿಂತಳು. "ಅಜ್ಜಾ, ನೀವು ಇಷ್ಟು ಮಂದಿ ಯಾಕ ಬಂದೀರಿ?"

"ಈತನ್ನ ಹುಡುಕ್ಕೊಂಡು ಬಂದ್ವಿ ಮಗಳ."

"ಎಲ್ಲಾರೂನಾ? ಹಂಗಾದ್ರ ನಿಮ್ಮ ಮನಿ, ಕುರಿ ಎಲ್ಲಾ ಯಾರಿಗೆ ಒಪ್ಪಿಸಿ ಬಂದೀರಿ?"

ಗವಿಸಿದ್ದಪ್ಪ ಗಾಳೆಮ್ಮನ ಕಡೆ ನೋಡಿದ. ಗಾಳೆಮ್ಮ ತೆರೆದಿಟ್ಟು ಬಂದ ಹಿತ್ತಲ ಬಾಗಿಲು ನೆನಪಿಸಿಕೊಂಡು ಸೆರಗನ್ನು ಬಾಯಿಗೆ ಒತ್ತಿದಳು. ಮೊದಲು ನಕ್ಕವರು ಪಾಸ್ಟರೋ, ಟಂಟಮ್ಮಿನವರೋ, ಹೇಳುವುದು ಕಷ್ಟ. ಆಮೇಲೆ ಯಾರೂ ಉಳಿಯಲಿಲ್ಲ. ನಾಟಕ ಮುಗಿಸಬೇಕಲ್ಲ ಎಂದು ಚಂದ್ರಕಲಾ ಪಾಲಪ್ಪನನ್ನು ಹೆಗಲ ಮೇಲೆ ಹೊರಲು ನೋಡಿದಳು. ಆಗದೆ, ಗವಿಸಿದ್ದಪ್ಪನೂ ಒಂದು ಕಾಲು ಹಿಡಿದ. ಎಲ್ಲರೂ ಬ್ರೆಡ್ಡು, ಬಾಳೆಹಣ್ಣು, ಚಹಾ ಮುಗಿಸಿಯೇ ಊರಿಗೆ ಹೊರಟರು.

ಆ ವಾರವೆಲ್ಲ ಕಡ್ಡಿರಾಂಪುರದಲ್ಲಿ ಬದಲಿಯ ಮಾತಿಲ್ಲ, ಮದ್ದಿನ ಮಾತಿಲ್ಲ. ಕುರುಬ ಮಾಡಿದ್ದು ಸರಿಯೋ ತಪ್ಪೋ ಎಂಬುದೇ ಮಾತು. ಕಮಲಾಪುರದ ಸಂತೆಯಲ್ಲಿ ಬಾಳೆಗೊನೆ ಇಳಿಸುತ್ತಲೂ ಅದೇ. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದವರು ಅದು ಬಿಟ್ಟು ಇದಕ್ಕೆ ಜಗಳವಾಡಿದರು. ಗವಿಸಿದ್ದಪ್ಪ ಕಂಪ್ಲಿಯಿಂದ ದಿನಾ ಫೋನು ಮಾಡಿ ಹೊಸ ಹೊಸ ವಾದ ಹೇಳುತ್ತಿದ್ದ. ಯುವಕ ಸಂಘದ ಮೀಟಿಂಗಿನಲ್ಲಿ ಪಾಲಪ್ಪ ತಾನಾಗಿಯೇ ಎದ್ದು, "ನನ್ನ ಯೂತ್ ಶನಿವಾರ ಒಂದು ದಿನ ಸಾಕು. ಉಳದ ದಿನ ದುರುಗೇಶ್ ನೋಡ್ಕೋತಾನ" ಎಂದು ಕುರ್ಚಿ ಬಿಟ್ಟುಕೊಟ್ಟ. ಕಾದು ಕಾದು ಸಿಕ್ಕ ಕುರ್ಚಿಯಲ್ಲಿ ಕೂತು ಏನು ಮಾಡಬೇಕೆಂದು ದುರುಗೇಶನಿಗೆ ತಿಳಿಯಲಿಲ್ಲ. "ಮಾವ, ಭಾಷಣ ಹೆಂಗ ಶುರು ಮಾಡ್ಲಿ?" ಎಂದು ಪಾಲಪ್ಪನನ್ನೇ ಕೇಳಿದ.

ಶನಿವಾರ ಮಧ್ಯಾಹ್ನ ಪಾಲಪ್ಪ ಟಂಟಮ್ಮಿಗೆ ಕುರ್ಚಿ ಹೇರಿಸಿ, ಊಟಕ್ಕೆ ಕೂತ. ತಲೆಗೆ ಬಣ್ಣ ಹಚ್ಚಿರಲಿಲ್ಲ. ಗಾಳೆಮ್ಮ ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿದಳು.

"ಅಲ್ರಿ, ಅದೆಲ್ಲಾ ಸರಿ. ಆ ಕುರಿ ಮೊದ್ಲ ಹಿಂಡು ಬಿಟ್ಟು ಹೋತು ಯಾಕ?"

ಪಾಲಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಇಷ್ಟು ಮಂದಿ ಇಷ್ಟು ದಿನ ಕುರುಬನನ್ನು ಕೇಳಿದ್ದರು, ತೋಳವನ್ನು ಕೇಳಿದ್ದರು, ನಾಯಿಯನ್ನೂ ಕೇಳಿದ್ದರು. ಕುರಿಯನ್ನು ಯಾರೂ ಕೇಳಿರಲಿಲ್ಲ. ಕುರಿಯಾಗಿದ್ದವನು ಕೂಡ.

"ಹಸಿವಿಯಾಗಿತ್ತೇನೋ" ಎಂದ.

"ಹಿಂಡಿನಾಗ ಹುಲ್ಲಿರ್ಲಿಲ್ಲೇನು?"

"ಮತ್ತ... ಆ ಕಡಿ ಏನೈತಿ ನೋಡೋಣಂತ ಹೋಗಿರ್ಬೇಕು."

ಗಾಳೆಮ್ಮ ಒಲೆಗೆ ನೀರು ಚಿಮುಕಿಸಿದಳು. ಕೈ ತೊಳೆದುಕೊಂಡು ಒಳಗೆ ಹೋಗಿ, ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟುಕೊಂಡು ಬಂದಳು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಟಂಟಮ್ಮಿನಲ್ಲಿ ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು ಕೂತಳು.

"ನೀ ಎಲ್ಲಿಗೆ?" ಎಂದ ಪಾಲಪ್ಪ.

"ನಾನೂ ನೋಡ್ಕೊಂಡು ಬರ್ತೀನಿ, ಹತ್ರಿ" ಎಂದಳು ಗಾಳೆಮ್ಮ.